ಸರ್ಕಲ್ ಕಬಡ್ಡಿಯಲ್ಲಿ ಒಬ್ಬನೇ ಹಿಡಿಯುವುದೇಕೆ, ಅಂಕ ಲೆಕ್ಕ ಹಾಕುವುದು ಹೇಗೆ?

2020ರಲ್ಲಿ ಲಾಹೋರ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನ ವಿಡಿಯೊ ನೋಡಿ ಮೂರು ಪ್ರಶ್ನೆ ಕೇಳಿದ್ದೀರಿ: ರೈಡರ್‌ನನ್ನು ಒಬ್ಬ ಹಿಡಿದಿರುವಾಗ ಉಳಿದವರು ಯಾಕೆ ಸುಮ್ಮನೆ ನಿಲ್ಲುತ್ತಾರೆ, ಸಿಕ್ಕಿಬಿದ್ದವನು ಮತ್ತೆ ಹೇಗೆ ಆಡಲು ಬರುತ್ತಾನೆ, 2016ರಲ್ಲಿ ಅಹಮದಾಬಾದ್‌ನಲ್ಲಿ ಭಾರತ ಗೆದ್ದ ವಿಶ್ವಕಪ್ ಇದೇನಾ ಎಂದು. ಪ್ರೊ ಕಬಡ್ಡಿ ನೋಡಿ ಅಭ್ಯಾಸವಾದವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಮೊದಲು ಮೈದಾನ. ನಮಗೆ ಗೊತ್ತಿರುವ ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲದ ಆಯತ. ಪಂಜಾಬಿನ ಸರ್ಕಲ್ ಶೈಲಿಯದು 22 ಮೀಟರ್ ತ್ರಿಜ್ಯದ ವೃತ್ತ, ಮಣ್ಣಿನ ನೆಲ. ನಡುವೆ ಒಂದು ಗೆರೆ. ಆ ಗೆರೆಯ ಮಧ್ಯದಲ್ಲಿ ಸುಮಾರು 6 ಮೀಟರ್ ಅಂತರದಲ್ಲಿ ಎರಡು ಗುರುತುಗಳಿರುತ್ತವೆ. ಅದು ರೈಡರ್‌ನ ಬಾಗಿಲು. ತಪ್ಪಿಸಿಕೊಂಡು ಓಡಿ ಬಂದವನು ಗೆರೆಯನ್ನು ಎಲ್ಲೆಂದರಲ್ಲಿ ದಾಟಿದರೆ ಆಗದು, ಆ ಬಾಗಿಲಿನೊಳಗೇ ಬರಬೇಕು. ಹೀಗಾಗಿ ಅವನನ್ನು ಬದಿಗೆ ತಳ್ಳಿಕೊಂಡು ಹೋಗುವುದೂ ಹಿಡಿಯುವವನಿಗೆ ಒಂದು ಉಪಾಯ.

ಅಂಕಣದಲ್ಲಿ ರೈಡರ್‌ಗೆ ಎದುರಾಗಿ ನಿಲ್ಲುವವರು ನಾಲ್ವರು. ಪಂಜಾಬಿಯಲ್ಲಿ ಅವರನ್ನು ಜಾಫಿ ಎನ್ನುತ್ತಾರೆ. ಎರಡೂ ತೋಳಿನಿಂದ ಬಾಚಿ ತಬ್ಬುವ ಪಟ್ಟಿಗೆ ಜಫ್ಫಾ ಎಂದು ಹೆಸರು, ಅದರಿಂದ ಬಂದ ಮಾತು. ರೈಡರ್ 30 ಸೆಕೆಂಡಿನೊಳಗೆ ಇವರಲ್ಲಿ ಒಬ್ಬನನ್ನು ಮುಟ್ಟಿ ವಾಪಸು ಬರಬೇಕು. ಮುಟ್ಟಿದ ಕ್ಷಣದಿಂದ ಆಟ ಆ ಇಬ್ಬರದು ಮಾತ್ರ. ಬೇರೊಬ್ಬ ಜಾಫಿ ಕೈ ಹಾಕಿದರೆ ಅಂಕ ನೇರವಾಗಿ ರೈಡರ್‌ಗೆ. ಉಳಿದ ಮೂವರು ಕೈಕಟ್ಟಿ ನಿಂತಿದ್ದು ಅದಕ್ಕೆ. ಮುಟ್ಟಿಸಿಕೊಂಡವನು ಸೊಂಟವನ್ನೋ ಕಾಲನ್ನೋ ಹಿಡಿದು, ಅಥವಾ ತನ್ನ ಕಾಲುಗಳಿಂದ ಕೈಂಚಿ, ಅಂದರೆ ಕತ್ತರಿಪಟ್ಟು ಹಾಕಿ ಸಮಯ ಮುಗಿಯುವವರೆಗೆ ನಿಲ್ಲಿಸಿದರೆ ಅಂಕ ಅವನ ತಂಡಕ್ಕೆ.

ಇಲ್ಲಿ ಯಾರೂ ಔಟಾಗಿ ಹೊರಗೆ ಕೂರುವುದಿಲ್ಲ. ಪ್ರೊ ಕಬಡ್ಡಿಯ ಹೆಚ್ಚುವರಿ ಅಂಕಗಳೂ ಇಲ್ಲ: ಬೋನಸ್ ಇಲ್ಲ, ಲೋನಾ ಇಲ್ಲ, ಸೂಪರ್ ಟ್ಯಾಕಲ್ ಇಲ್ಲ. ಒಂದು ರೈಡ್, ಒಂದು ಅಂಕ, ಇಬ್ಬರಲ್ಲಿ ಒಬ್ಬರಿಗೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಸ್ಕೋರನ್ನೇ ನೋಡಿ ಪಂದ್ಯ ಓದಬಹುದು, ನನಗೆ ಈ ಆಟದಲ್ಲಿ ಅತಿ ಇಷ್ಟದ ಸಂಗತಿ ಅದು.

ಫೈನಲ್‌ಗಳ ಅಂಕಗಳನ್ನು ಕೂಡಿಸಿ ನೋಡಿ. 2010ರಲ್ಲಿ ಭಾರತ 58, ಪಾಕಿಸ್ತಾನ 24: ಒಟ್ಟು 82. 2012ರಲ್ಲಿ 59-22: ಒಟ್ಟು 81. 2014ರಲ್ಲಿ 45-42: ಒಟ್ಟು 87. ನೀವು ನೋಡಿದ ಲಾಹೋರ್ ಫೈನಲ್‌ನಲ್ಲಿ ಪಾಕಿಸ್ತಾನ 43, ಭಾರತ 41: ಒಟ್ಟು 84. ಗೆಲುವಿನ ಅಂತರ ಎಷ್ಟೇ ಬದಲಾದರೂ ಮೊತ್ತ ಹೆಚ್ಚು ಅಲ್ಲಾಡುವುದಿಲ್ಲ, ಯಾಕೆಂದರೆ ಅದು ಹೆಚ್ಚುಕಡಿಮೆ ರೈಡ್‌ಗಳ ಸಂಖ್ಯೆ. 20 ನಿಮಿಷಗಳ ಎರಡು ಅವಧಿಯಲ್ಲಿ ಅಷ್ಟು ರೈಡ್ ಹಿಡಿಸುತ್ತವೆ.

ಈಗ 2010ರ ಪಂದ್ಯ ಬಿಡಿಸಿ. ರೈಡ್ ಸರದಿ ಪ್ರಕಾರ ನಡೆಯುವುದರಿಂದ 82ರಲ್ಲಿ ಅರ್ಧ, ಅಂದರೆ ಸುಮಾರು 41 ರೈಡ್ ಭಾರತದ್ದು. 41ಕ್ಕೆ 41 ಗೆದ್ದರೂ 58 ಮುಟ್ಟುವುದಿಲ್ಲ. ಉಳಿದ 17 ಅಂಕವನ್ನಾದರೂ ಜಾಫಿಗಳೇ ಹಿಡಿದು ತಂದಿರಬೇಕು. ಬಲಾಢ್ಯ ತಂಡಗಳ ನಡುವೆ ಸಾಮಾನ್ಯವಾಗಿ ರೈಡರ್‌ದೇ ಮೇಲುಗೈ. ಎರಡೂ ಕಡೆ ರೈಡರ್‌ಗಳು ಸಮಾನವಾಗಿ ಗೆಲ್ಲುತ್ತಾ ಹೋಗುತ್ತಾರೆ, ಒಳ್ಳೆಯ ಜಾಫಿಗಳಿದ್ದ ತಂಡ ಮುಂದೆ ಸಾಗುತ್ತದೆ. ಲಾಹೋರ್‌ನ 43-41ರಲ್ಲಂತೂ ಒಂದೇ ಒಂದು ರೈಡ್ ತಿರುಗಿದ್ದರೆ 42-42 ಆಗುತ್ತಿತ್ತು. ಆ ಪಂದ್ಯವನ್ನು ಮತ್ತೊಮ್ಮೆ ನೋಡುವುದಾದರೆ ರೈಡರ್‌ಗಿಂತ ಜಾಫಿಯ ಪಾದಗಳನ್ನು ಗಮನಿಸಿ. ಮುಟ್ಟಿಸಿಕೊಳ್ಳುವ ಹೊತ್ತಿಗೆ ಅವನು ಹಿಮ್ಮಡಿಯ ಮೇಲೆ ಭಾರ ಹಾಕಿ ನಿಂತಿದ್ದರೆ ಕೆಲಸ ಕೆಟ್ಟಿತು: ರೈಡರ್ ಎದೆಗೆ ಅಂಗೈ ಕೊಟ್ಟು ತಳ್ಳಿ, ತಿರುಗಿ ಓಡಿಬಿಡುತ್ತಾನೆ. ಮುಂಗಾಲ ಮೇಲೆ ಬಾಗಿ ನಿಂತವನು ಆ ತಿರುಗುವ ಕ್ಷಣದಲ್ಲೇ ಸೊಂಟಕ್ಕೆ ಬೀಳುತ್ತಾನೆ. ಕೈಗೋ ಭುಜಕ್ಕೋ ಹಾಕಿದ ಹಿಡಿತ ಬೆವರಿನ ಮೈಯಿಂದ ಜಾರುತ್ತದೆ. ಮೈಗೆ ಎಣ್ಣೆ ಹಚ್ಚುವುದನ್ನು ನಿಷೇಧಿಸಿದ್ದೂ ಈ ಕಾರಣಕ್ಕೇ.

ಕೊನೆಯ ಪ್ರಶ್ನೆ. ಲಾಹೋರ್‌ನದೂ ಅಹಮದಾಬಾದ್‌ನದೂ ಬೇರೆಬೇರೆ ವಿಶ್ವಕಪ್. ಅಹಮದಾಬಾದ್‌ನದು ಆಯತಾಕಾರದ ಅಂಕಣದ ಆಟ. ಅಲ್ಲಿ 2016ರ ಅಕ್ಟೋಬರ್‌ನಲ್ಲಿ ಭಾರತ ಇರಾನನ್ನು 38-29ರಿಂದ ಸೋಲಿಸಿತು. ಸರ್ಕಲ್ ಶೈಲಿಯದನ್ನು 2010ರಲ್ಲಿ ಶುರುಮಾಡಿದ್ದು ಪಂಜಾಬ್ ಸರ್ಕಾರ. ಮೊದಲ ಫೈನಲ್ ಲುಧಿಯಾನದಲ್ಲಿ, ಗೆದ್ದವರಿಗೆ 1 ಕೋಟಿ ರೂಪಾಯಿ. 2016ರ ನವೆಂಬರ್‌ನಲ್ಲಿ ಇದೂ ನಡೆದು, ಫೈನಲ್‌ನಲ್ಲಿ ಭಾರತ ಇಂಗ್ಲೆಂಡನ್ನು 62-20ರಿಂದ ಮಣಿಸಿತು. ಕೆನಡಾ, ಇಂಗ್ಲೆಂಡ್, ಅಮೆರಿಕ ತಂಡಗಳಲ್ಲಿ ಹೆಚ್ಚಿನವರು ಪಂಜಾಬಿ ಮೂಲದವರೇ.

ಲಾಹೋರ್‌ನ ಪಂದ್ಯದ ಬಗ್ಗೆ ಒಂದು ಎಚ್ಚರಿಕೆ: ಅಲ್ಲಿ ಭಾರತದ ಹೆಸರಿನಲ್ಲಿ ಆಡಿದವರನ್ನು ತಾನು ಕಳಿಸಿಲ್ಲ ಎಂದು ಭಾರತೀಯ ಕಬಡ್ಡಿ ಫೆಡರೇಷನ್ ಆಗಲೇ ಹೇಳಿತ್ತು, ಕ್ರೀಡಾ ಸಚಿವಾಲಯವೂ ಅನುಮತಿ ಕೊಟ್ಟಿರಲಿಲ್ಲ. ಅದನ್ನು ಅಧಿಕೃತ ಭಾರತ ತಂಡದ ಸೋಲೆಂದು ಬರೆದಿರುವ ಪೋಸ್ಟ್‌ಗಳನ್ನು ಹಂಚಬೇಡಿ.