ವರ್ಗಾವಣೆ ಬೇಕು, ಅರ್ಜಿ ಮಾತ್ರ ಹಾಕಲಾಗುತ್ತಿಲ್ಲ

ಅವರು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು ನಲವತ್ತರ ಆಸುಪಾಸು. ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ. ಗಂಡ ತುಮಕೂರು ಜಿಲ್ಲೆಯಲ್ಲಿ ಸರ್ಕಾರಿ ನೌಕರ, ಅಲ್ಲಿ ಕೂಡು ಕುಟುಂಬ. ಗುರುತು ಸಿಗಬಾರದೆಂದು ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ಅವರು ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಾಗ ಗೊತ್ತಾಯಿತು, ವರ್ಗಾವಣೆಗೆ ಅರ್ಜಿ ಕರೆದಾಗಲೆಲ್ಲ ಅವರ ನಿದ್ದೆ ಕೆಡುತ್ತದೆ. ಪತಿ-ಪತ್ನಿ ಪ್ರಕರಣವಾದ್ದರಿಂದ ಅವರಿಗೆ ಆದ್ಯತೆ ಇದೆ. ಆದರೂ ಒಂದು ವರ್ಷ ಇವರು ಗಂಡನ ಸೇವಾ ದೃಢೀಕರಣ ಪತ್ರವನ್ನು ಸಮಯಕ್ಕೆ ಕೊಡಲಿಲ್ಲ. ಇನ್ನೊಂದು ವರ್ಷ, ಬೇರೆ ಜಿಲ್ಲೆಗೆ ಹೋದರೆ ಜ್ಯೇಷ್ಠತೆ ಹೋಗುತ್ತದೆ ಎಂದು ಅರ್ಜಿಯನ್ನೇ ಹಾಕಲಿಲ್ಲ. ಕಳೆದ ಸಲ, ಖಾಲಿ ಇರುವ ಶಾಲೆ ಆರಿಸಿಕೊಳ್ಳುವ ವರ್ಗಾವಣೆ ಕೌನ್ಸೆಲಿಂಗ್‌ವರೆಗೂ ಹೋಗಿದ್ದರು. ಗಂಡನ ಊರಿನ ಪಕ್ಕದ ಶಾಲೆಯಲ್ಲೇ ಹುದ್ದೆ ಖಾಲಿ ಇತ್ತು. ಬೇಡ ಎಂದು ಎದ್ದು ಬಂದರು.

"ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ ಮೇಡಂ. ಸೋಮಾರಿ ಆಗಿಬಿಟ್ಟಿದ್ದೀನಿ. ಮನಸ್ಸು ಗಟ್ಟಿ ಆಗೋ ಹಾಗೆ ಏನಾದ್ರೂ ಹೇಳಿ" ಎಂದರು.

ಒಬ್ಬರೇ ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವವರು ಸೋಮಾರಿ ಹೇಗಾಗುತ್ತಾರೆ? ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಕೆಲಸ ನಿಂತರೆ, ಅದನ್ನು ನಿಲ್ಲಿಸುತ್ತಿರುವ ಇನ್ನೊಂದು ಆಸೆ ಒಳಗಿದೆಯಾ ಎಂದು ನಾನು ಹುಡುಕುತ್ತೇನೆ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಮತ್ತು ಅವರ ಜೊತೆಗಾರರು 1989ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ನಾವು ಬಾಯಿಬಿಟ್ಟು ಹೇಳುವ ಪ್ರೇರಣೆ ಬೇರೆ, ಒಳಗೆ ಕೆಲಸ ಮಾಡುವ ಪ್ರೇರಣೆ ಬೇರೆ. ಎರಡನೆಯದು ವರ್ಷಗಟ್ಟಲೆ ತಾನಾಗಿ ನಡೆದುಹೋಗುವ ನಡವಳಿಕೆಯಲ್ಲಿ ಕಾಣುತ್ತದೆ. 'ಯಾಕೆ' ಎಂದು ಕೇಳಿದರೆ ಉತ್ತರ ಕೊಡುವುದು ಮೊದಲನೆಯದು. ಅದಕ್ಕೇ ನಾನು ಯಾಕೆ ಎಂದು ಜಾಸ್ತಿ ಕೇಳುವುದಿಲ್ಲ.

"ವರ್ಗ ಆಗಿ ಅಲ್ಲಿಗೆ ಹೋಗಿದ್ದೀರಿ ಅಂದ್ಕೊಳ್ಳಿ. ಮೊದಲ ಸೋಮವಾರ ಬೆಳಿಗ್ಗೆಯಿಂದ ಹೇಳ್ತಾ ಬನ್ನಿ" ಎಂದೆ.

"ಐದಕ್ಕೆ ಏಳ್ತೀನಿ. ಮಾವನಿಗೆ ಕಾಫಿ. ಮೈದುನನ ಮಕ್ಕಳಿಗೂ ಸೇರಿಸಿ ಡಬ್ಬಿ. ಆಮೇಲೆ ಸ್ಕೂಲು. ಸಂಜೆ ಬಂದು ಮುದ್ದೆಗೆ ಇಡಬೇಕು..." ಗಡಿಬಿಡಿಯಲ್ಲಿ ಹೇಳುತ್ತಿದ್ದರು. ಸಂಬಳದ ದಿನಕ್ಕೆ ಬಂದಾಗ ನಿಂತರು. ಬ್ಯಾಗಿನ ಜಿಪ್ ಎಳೆದು, ಎಟಿಎಂ ಕಾರ್ಡು ಇದೆಯಾ ಎಂದು ನೋಡಿ, ಮತ್ತೆ ಮುಚ್ಚಿದರು. "ಮದುವೆಯಾದ ಹೊಸದರಲ್ಲಿ ಕಾರ್ಡು ಅವರ ಹತ್ರಾನೇ ಇರ್ತಿತ್ತು. ಬಸ್ ಚಾರ್ಜಿಗೂ ಕೇಳಬೇಕಿತ್ತು" ಎಂದರು. ಸ್ವಲ್ಪ ಹೊತ್ತು ಅತ್ತರು.

ಹೊಡೆತ ಬಡಿತ, ಬೆದರಿಕೆ ಇತ್ತಾ ಎಂದು ಅವತ್ತೇ ಬಿಡಿಸಿ ಕೇಳಿದೆ. ಇಲ್ಲ ಎಂದರು. ಇದ್ದಿದ್ದರೆ ನನ್ನ ಸಲಹೆಯೇ ಬೇರೆ ಆಗುತ್ತಿತ್ತು. ಮೊದಲು ಸುರಕ್ಷತೆ, 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ದುಡಿದ ಹಣವನ್ನು ಕಿತ್ತುಕೊಳ್ಳುವುದೂ ಆ ಕಾಯ್ದೆಯಲ್ಲಿ ದೌರ್ಜನ್ಯವೇ. ಇದನ್ನೂ ಅವರಿಗೆ ತಿಳಿಸಿದೆ.

ಗಂಡನ ಜೊತೆ ಇರಬೇಕು ಎನ್ನುವ ಅವರ ಆಸೆ ಸುಳ್ಳಲ್ಲ. ಮಗಳು ಅಪ್ಪನ ಫೋನಿಗೆ ಕಾಯುವುದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಅದರ ಜೊತೆಗೇ, ಹಳ್ಳಿಯಲ್ಲಿ ಕಟ್ಟಿಕೊಂಡ ಸ್ವಂತ ಬದುಕನ್ನು ಕಳೆದುಕೊಳ್ಳಬಾರದು ಎನ್ನುವುದೂ ಅಷ್ಟೇ ನಿಜ. ಆದರೆ ಸೊಸೆಯಾದವಳು ಹಾಗೆ ಬಯಸುವುದು ತಪ್ಪು ಎಂದು ಅವರೇ ನಂಬಿದ್ದರು. ಹಾಗಾಗಿ ಅದನ್ನು ಯಾರ ಮುಂದೆಯೂ ಆಡಲಿಲ್ಲ. ಆ ಆಸೆ ಪತ್ರ ತಡ ಮಾಡಿಸುವುದರಲ್ಲಿ, ಜ್ಯೇಷ್ಠತೆಯ ನೆಪದಲ್ಲಿ ತನ್ನ ಕೆಲಸ ಮಾಡಿಕೊಂಡಿತು. ಇಂಥ ಆಸೆಯನ್ನು ಮನಸ್ಸು ಗಟ್ಟಿ ಮಾಡಿ ತುಳಿಯಲು ಹೋಗಬಾರದು. ತುಳಿದು ವರ್ಗ ಮಾಡಿಸಿಕೊಂಡಿದ್ದರೆ, ಅಲ್ಲಿ ಹೋಗಿ ಇನ್ನೂ ಜಾಸ್ತಿ ನೋಯುತ್ತಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಸದ್ಯಕ್ಕೆ ಅರ್ಜಿಯ ಯೋಚನೆ ಬಿಡಿ. ಎಲ್ಲಿಗೆ ಹೋದರೂ ಬಿಟ್ಟುಕೊಡಲಾಗದ ಸಂಗತಿ ಯಾವುವು, ಬರೆಯಿರಿ. ಅವರು ಮೂರು ಬರೆದರು: ನನ್ನ ಕಾರ್ಡು ನನ್ನ ಹತ್ರ, ಮಗಳಿಗೆ ಓದೋಕೆ ಒಂದು ಮೂಲೆ, ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ನನ್ನದು. ಮೂರನೆಯದನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದರು.

ಆಮೇಲೆ ಒಂದು ಸಣ್ಣ ಪ್ರಯೋಗ. 'ಅಲ್ಲಿ ಹೋದರೆ ನನ್ನ ಮಾತು ನಡೆಯಲ್ಲ' ಎನ್ನುವುದು ಅವರ ನಂಬಿಕೆ. ಅದು ಈಗಲೂ ನಿಜವಾ, ಅಥವಾ ಹದಿನೈದು ವರ್ಷದ ಹಿಂದಿನದಾ? ಇಂಥ ಒಳನಂಬಿಕೆಯನ್ನು ವಾದ ಮಾಡಿ ಅಲ್ಲಾಡಿಸಲಾಗದು, ಸಣ್ಣದಾಗಿ ಪರೀಕ್ಷಿಸಿ ನೋಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಕೀಗನ್, ಲೀಸಾ ಲಾಹೆ ಅವರ ಈ ವಿಧಾನವನ್ನು ನಾನು ತುಂಬ ನೆಚ್ಚಿಕೊಂಡಿದ್ದೇನೆ. ದಸರಾ ರಜೆಗೆ ಹೋದಾಗ ಕಾರ್ಡು ಕೊಡಬೇಡಿ, ಮನೆ ಖರ್ಚಿಗೆ ಇಂತಿಷ್ಟು ಎಂದು ನೀವೇ ಕೊಡಿ, ಏನಾಗುತ್ತದೋ ನೋಡಿ ಎಂದೆ.

ಗಂಡ ಒಂದೆರಡು ದಿನ ಮುಖ ಊದಿಸಿಕೊಂಡರಂತೆ, ಆಮೇಲೆ ಸುಮ್ಮನಾದರು. ಅತ್ತೆ ಮಾತ್ರ ಬಂದ ನೆಂಟರ ಮುಂದೆಲ್ಲ ಆಡಿಕೊಂಡರು. ಅಂದರೆ ನಂಬಿಕೆ ಅರ್ಧ ಹಳತು, ಅರ್ಧ ಈಗಲೂ ನಿಜ.

ಮುಂದಿನ ಭೇಟಿಗೆ ಗಂಡನೂ ಬಂದರು. "ನೀನು ಕೇಳಿದ್ರೆ ದುಡ್ಡು ಕೊಡ್ತಿರಲಿಲ್ವಾ?" ಎಂದರು. "ಕೇಳಬೇಕಾಗಿ ಬರೋದೇ ಕಷ್ಟ ರೀ" ಎಂದರು ಇವರು. ಗಂಡ ತಕ್ಷಣ ಒಪ್ಪಲಿಲ್ಲ. ಮನೆಗೆ ಹೋಗಿ ಮೂರು ಅಂಶದ ಚೀಟಿ ಓದಿದ ಮೇಲೆ ಅವರೇ ಒಂದು ದಾರಿ ಹೇಳಿದರು. ತನ್ನ ಊರು ಬೇಡ, ಪಕ್ಕದ ತಾಲ್ಲೂಕಿನ ಶಾಲೆ ಕೇಳೋಣ, ಅಲ್ಲೇ ಮನೆ ಮಾಡೋಣ, ತಾನು ಬಸ್ಸಿನಲ್ಲಿ ಓಡಾಡುತ್ತೇನೆ ಎಂದು.

ಈ ಸಲ ಅರ್ಜಿ ಕರೆಯುವ ಮೊದಲೇ ಟೀಚರ್ ಸೇವಾ ಪತ್ರವನ್ನು ತರಿಸಿಟ್ಟುಕೊಂಡಿದ್ದಾರೆ. ನಿದ್ದೆ ಸುಮಾರಾಗಿ ಬರುತ್ತಿದೆ. ಬೇರೆ ಮನೆ ಮಾಡುವ ವಿಷಯವನ್ನು ಅತ್ತೆ-ಮಾವನಿಗೆ ಗಂಡನೇ ತಿಳಿಸಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ, ಅದಿನ್ನೂ ಆಗಿಲ್ಲ.