ಖರ್ಚು ಕಡಿಮೆಯಾಗಬೇಕಾದರೆ ಸಾಟುರ್ನಿಯಾ

ಗೆಳತಿಯೊಂದಿಗೆ ಇಟಲಿಯ ಹಳ್ಳಿಗಾಡಿನಲ್ಲಿ ವಾರಾಂತ್ಯದ ಸ್ಪಾ ಸುಖ ಬೇಕು, ಆದರೆ ಜೇಬಿಗೆ ಹೊರೆಯಾಗಬಾರದು ಎಂದು ಕೇಳಿದ್ದೀರಿ. ನನ್ನ ಮತ ದಕ್ಷಿಣ ಟಸ್ಕನಿಯ ಸಾಟುರ್ನಿಯಾಕ್ಕೆ. ಅಲ್ಲಿ ಸುಮಾರು 37 ಡಿಗ್ರಿ ಬಿಸಿಯ ಗಂಧಕದ ನೀರು ಹಳೆಯ ಗಿರಣಿಯೊಂದರ ಪಕ್ಕದಲ್ಲಿ, ಬೋಗುಣಿಯಂತಹ ಬಿಳಿಯ ಸುಣ್ಣಕಲ್ಲಿನ ಹೊಂಡಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸಮೀಪದ ರೆಸಾರ್ಟಿನ ಕೊಳಕ್ಕೆ ದುಬಾರಿ ಶುಲ್ಕವಿದ್ದರೂ, ಅದೇ ಬುಗ್ಗೆಯ ನೀರು ಹರಿದುಬರುವ ಈ ಬಯಲು ಜಲಪಾತದಲ್ಲಿ ಮೀಯಲು ಶುಲ್ಕವಿಲ್ಲ. ವಸತಿಗೆ ‘ಆಗ್ರಿತುರಿಸ್ಮೊ’ ಎನ್ನುವ ತೋಟದ ಮನೆಗಳನ್ನು ಹುಡುಕಿರಿ. ಇಬ್ಬರು ಕೋಣೆ ಹಂಚಿಕೊಂಡರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ. ಬಸ್ಸುಗಳು ವಿರಳವಾದ್ದರಿಂದ ಕಾರಿನ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು. ಬೆಳ್ಳಿಯ ಆಭರಣ ಗಂಧಕಕ್ಕೆ ಕಪ್ಪಾಗುವುದರಿಂದ ಕಳಚಿಡಿ. ಈಜುಡುಗೆಯೂ ಹಳೆಯದೇ ಇರಲಿ, ಕೊಳೆತ ಮೊಟ್ಟೆಯ ಆ ವಾಸನೆ ಒಂದೇ ಒಗೆತಕ್ಕೆ ಹೋಗುವಂಥದ್ದಲ್ಲ. ಬೇಸಿಗೆಯ ಭಾನುವಾರದ ನೂಕುನುಗ್ಗಲನ್ನು ತಪ್ಪಿಸಲು ಬೆಳಗ್ಗೆ ಬೇಗನೆ ನೀರಿಗಿಳಿಯಿರಿ.