ನ್ಯೂಜಿಲೆಂಡಿನ ಮೊದಲ ಎಂಎಂಪಿ (ಪಕ್ಷಕ್ಕೆ ಬಿದ್ದ ವೋಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಕೊಡುವ ಚುನಾವಣಾ ಪದ್ಧತಿ) ಸಂಸತ್ತು (1996–99) ಅಷ್ಟು ಗೊಂದಲವಾಗಿತ್ತಲ್ಲ, ತಪ್ಪು ಹೊಸ ಪದ್ಧತಿಯದ್ದೇ ಅಲ್ವಾ?

ಗೊಂದಲ ಆಗಿದ್ದು ನಿಜ. ಆದರೆ ತಪ್ಪು ಪದ್ಧತಿಯದ್ದು ಅನ್ನೋದನ್ನು ನಾನು ಒಪ್ಪುವುದಿಲ್ಲ.

ನಾನು ಇಲ್ಲಿ ಪರ್ಮನೆಂಟ್ ರೆಸಿಡೆಂಟ್. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ವೋಟು ಹಾಕುತ್ತೇನೆ, ಇಲ್ಲಿ ಅದಕ್ಕೆ ಪೌರತ್ವ ಬೇಕಾಗಿಲ್ಲ. ಎಂಎಂಪಿಯಲ್ಲಿ ಒಬ್ಬೊಬ್ಬರಿಗೆ ಎರಡು ವೋಟು. ಒಂದು ಪಕ್ಷಕ್ಕೆ, ಇನ್ನೊಂದು ನಮ್ಮ ಕ್ಷೇತ್ರದ ಅಭ್ಯರ್ಥಿಗೆ. ಸಂಸತ್ತಿನಲ್ಲಿ ಯಾರಿಗೆ ಒಟ್ಟು ಎಷ್ಟು ಸೀಟು ಅನ್ನೋದು ಪಕ್ಷಕ್ಕೆ ಹಾಕಿದ ವೋಟಿನ ಮೇಲೆ ನಿಂತಿದೆ. ಕ್ಷೇತ್ರಗಳಲ್ಲಿ ಗೆದ್ದಿದ್ದು ಸಾಲದಿದ್ದರೆ, ಉಳಿದ ಸೀಟನ್ನು ಪಕ್ಷ ಮೊದಲೇ ಕೊಟ್ಟ ಹೆಸರುಗಳ ಪಟ್ಟಿಯಿಂದ ತುಂಬುತ್ತಾರೆ.

ಮೊದಲು ನಮ್ಮ ಲೋಕಸಭೆ ಥರವೇ ಇತ್ತು, ಕ್ಷೇತ್ರದಲ್ಲಿ ಜಾಸ್ತಿ ವೋಟು ಬಂದವರು ಗೆದ್ದರು, ಅಷ್ಟೇ. 1978 ಮತ್ತು 1981ರಲ್ಲಿ ದೇಶದಲ್ಲಿ ಲೇಬರ್ ಪಕ್ಷಕ್ಕೆ ಜಾಸ್ತಿ ವೋಟು ಬಿತ್ತು, ಸರ್ಕಾರ ಮಾತ್ರ ನ್ಯಾಷನಲ್ ಪಕ್ಷದ್ದು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನೋ ಪಕ್ಷಕ್ಕೆ 20%ಗಿಂತ ಜಾಸ್ತಿ ವೋಟು ಬಂದರೂ ಸಿಕ್ಕಿದ್ದು 2 ಸೀಟು! ಜನಕ್ಕೆ ಸಾಕಾಗಿತ್ತು. 1993ರ ಜನಮತಗಣನೆಯಲ್ಲಿ ಸುಮಾರು 54% ಜನ ಹೊಸ ಪದ್ಧತಿ ಬೇಕು ಅಂದರು.

1996ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. 120 ಸೀಟಿನಲ್ಲಿ ನ್ಯಾಷನಲ್ 44, ಲೇಬರ್ 37, ವಿನ್ಸ್ಟನ್ ಪೀಟರ್ಸ್ ಅವರ ನ್ಯೂಜಿಲೆಂಡ್ ಫಸ್ಟ್ 17. ಎರಡೂ ದೊಡ್ಡ ಪಕ್ಷಗಳ ಜೊತೆ ಪೀಟರ್ಸ್ ಸುಮಾರು ಎರಡು ತಿಂಗಳು ಮಾತುಕತೆ ನಡೆಸಿದರು. ನ್ಯಾಷನಲ್ ಸರ್ಕಾರವನ್ನು ಇವರು ಇಳಿಸುತ್ತಾರೆ ಅಂತ ನಂಬಿ ಎಷ್ಟೋ ಜನ ವೋಟು ಹಾಕಿದ್ದರು, ಕೊನೆಗೆ ಅವರು ಹೋಗಿ ಸೇರಿದ್ದು ಅದೇ ನ್ಯಾಷನಲ್ ಜೊತೆ, ಉಪಪ್ರಧಾನಿಯಾಗಿ. ನನ್ನ ಪ್ರಕಾರ ಎಲ್ಲಾ ಕೆಟ್ಟಿದ್ದು ಇಲ್ಲಿಂದಲೇ. ಮತದಾರರಿಗೆ ಮೋಸ ಆಯಿತು ಅನ್ನಿಸಿಬಿಟ್ಟರೆ ಆ ಸರ್ಕಾರ ಏನು ಮಾಡಿದರೂ ನಂಬಿಕೆ ವಾಪಸ್ ಬರುವುದಿಲ್ಲ.

ಇಬ್ಬರದೂ ಸೇರಿ 61, ಅಂದರೆ ಬಹುಮತಕ್ಕೆ ಬೇಕಾದಷ್ಟೇ. 1997ರ ಕೊನೆಯಲ್ಲಿ ಪ್ರಧಾನಿ ಜಿಮ್ ಬೋಲ್ಜರ್ ಅವರನ್ನು ಅವರ ಪಕ್ಷದವರೇ ಕೆಳಗಿಳಿಸಿ ಜೆನ್ನಿ ಶಿಪ್ಲಿ ಅವರನ್ನು ಕೂರಿಸಿದರು. ದೇಶದ ಮೊದಲ ಮಹಿಳಾ ಪ್ರಧಾನಿ ಅವರೇ. 1998ರ ಆಗಸ್ಟ್‌ನಲ್ಲಿ ವೆಲ್ಲಿಂಗ್ಟನ್ ವಿಮಾನ ನಿಲ್ದಾಣದ ಷೇರು ಮಾರಾಟದ ಜಗಳದಲ್ಲಿ ಮೈತ್ರಿ ಮುರಿಯಿತು. ಪೀಟರ್ಸ್ ಪಕ್ಷದ ಸುಮಾರು ಅರ್ಧ ಸಂಸದರು ಅವರನ್ನೇ ಬಿಟ್ಟು ಹೋದರು. ನಮ್ಮಲ್ಲಿ 1985ರಲ್ಲೇ ಪಕ್ಷಾಂತರ ನಿಷೇಧ ಕಾಯ್ದೆ ಬಂದಿತ್ತು, ಇಲ್ಲಿ ಆಗ ಅಂಥದ್ದೇನೂ ಇರಲಿಲ್ಲ. 2001ರಲ್ಲಿ ತಂದರು. ಇಲ್ಲಿಯವರು ಪಕ್ಷಾಂತರಕ್ಕೆ 'ವಾಕಾ ಜಂಪಿಂಗ್' ಅನ್ನುತ್ತಾರೆ, ವಾಕಾ ಅಂದರೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ದೋಣಿ.

ಇಷ್ಟೆಲ್ಲಾ ಆದರೂ ಸಂಸತ್ತು ಬೀಳಲಿಲ್ಲ, ಇದನ್ನು ಯಾರೂ ಹೇಳುವುದೇ ಇಲ್ಲ. ಶಿಪ್ಲಿ ಅಲ್ಪಮತದಲ್ಲೇ, ಸಣ್ಣ ಪಕ್ಷಗಳನ್ನೂ ಪಕ್ಷ ಬಿಟ್ಟು ಬಂದವರನ್ನೂ ಒಪ್ಪಿಸಿಕೊಂಡು, 1999ರ ನವೆಂಬರ್‌ವರೆಗೆ ನಡೆಸಿದರು. ಆ ಸಂಸತ್ತಿನಲ್ಲಿ ಕೂತವರನ್ನೂ ನೋಡಿ. ಮಹಿಳೆಯರು 21ರಿಂದ 35ಕ್ಕೆ ಏರಿದರು. ಮಾವೊರಿ ಸಂಸದರು ಜಾಸ್ತಿಯಾದರು. ಏಷ್ಯಾ ಮೂಲದ ಮೊದಲ ಸಂಸದೆ ಪ್ಯಾನ್ಸಿ ವಾಂಗ್ ಬಂದಿದ್ದು ಪಕ್ಷದ ಪಟ್ಟಿಯಿಂದ. ಹೊರಗಿನಿಂದ ಬಂದು ನೆಲೆಸಿದ ನನ್ನಂಥವರಿಗೆ ಇದು ಸಣ್ಣ ವಿಷಯ ಅಲ್ಲ.

1999ರಲ್ಲಿ ಜನ ಪೀಟರ್ಸ್ ಪಕ್ಷವನ್ನು 13%ನಿಂದ 4%ಗೆ ಇಳಿಸಿದರು. ಪಟ್ಟಿಯ ಸೀಟು ಸಿಗಬೇಕಾದರೆ ಪಕ್ಷದ ವೋಟು 5% ಮುಟ್ಟಬೇಕು, ಇಲ್ಲದಿದ್ದರೆ ಒಂದಾದರೂ ಕ್ಷೇತ್ರ ಗೆಲ್ಲಲೇಬೇಕು ಅನ್ನೋದು ನಿಯಮ. ಟೌರಂಗ ಕ್ಷೇತ್ರದಲ್ಲಿ ಪೀಟರ್ಸ್ 63 ವೋಟಿನಿಂದ ಗೆದ್ದಿದ್ದಕ್ಕೆ ಪಕ್ಷಕ್ಕೆ 5 ಸೀಟು ಉಳಿಯಿತು. ಆ ಸಲ ಲೇಬರ್ ಮತ್ತು ಅಲೈಯನ್ಸ್ ಅನ್ನೋ ಎಡಪಕ್ಷ ಒಟ್ಟಿಗೆ ಸರ್ಕಾರ ಮಾಡುತ್ತೇವೆ ಅಂತ ಮೊದಲೇ ಹೇಳಿ ವೋಟು ಕೇಳಿದ್ದವು. ಎರಡು ತಿಂಗಳಲ್ಲ, ಎರಡೇ ವಾರದೊಳಗೆ ಲೇಬರ್ ನಾಯಕಿ ಹೆಲೆನ್ ಕ್ಲಾರ್ಕ್ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು.